ಓಕ್ ತೋಪಿನ ಮನೆತನ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ಮಗ ಪೋಲೆಂಡಿನಲ್ಲಿ ಓದುತ್ತಿದ್ದಾನೆ. ಅವನ ಮನೆ ಮಾಲೀಕರು ದೊಂಬ್ರೋವ್ಸ್ಕಿ. ಅವರ ಹೆಂಡತಿ ಮಾತ್ರ ದೊಂಬ್ರೋವ್ಸ್ಕಾ. ಮ್ಯಾಪಿನಲ್ಲಿ ಹುಡುಕಿದರೆ ದೊಂಬ್ರೋವಾ ಅನ್ನುವ ಊರು ಒಂದಲ್ಲ, ಹತ್ತಾರು. ಇವರು ಯಾವ ಊರಿನವರು?”

ಹೆಸರೊಂದನ್ನೇ ನೋಡಿ ಊರು ಹೇಳೋಕಾಗುವುದಿಲ್ಲ, ಸ್ವಾಮಿ. ದೊಂಬ್ರೋವಾ ಅಂದರೆ ಓಕ್ ಮರಗಳ ತೋಪು, ಅಷ್ಟೇ. ತೋಪಿದ್ದ ಕಡೆಯೆಲ್ಲ ಊರಿಗೆ ಅದೇ ಹೆಸರು ಬಿತ್ತು. ನಮ್ಮಲ್ಲಿ ಹೊಸೂರುಗಳು ಕಡಿಮೆಯೇ? ಗೊಂದಲ ಬೇಡ ಅಂತ ಕೆಲವು ಊರುಗಳು ಇನ್ನೊಂದು ಹೆಸರು ಅಂಟಿಸಿಕೊಂಡಿವೆ. ತಾರ್ನೂಫ್ ಹತ್ತಿರದ್ದು ದೊಂಬ್ರೋವಾ ತಾರ್ನೋವ್ಸ್ಕಾ, ಕಲ್ಲಿದ್ದಲು ಗಣಿಗಳ ಊರು ದೊಂಬ್ರೋವಾ ಗುರ್ನಿಚಾ.

‘ಸ್ಕಿ’ ಸೇರಿದರೆ ‘ಆ ಊರಿನವರು’. ಮೊದಲು ಇದು ಊರಿನ ಒಡೆಯರ ಹೆಸರು, ಆಮೇಲೆ ಎಲ್ಲರದ್ದೂ ಆಯಿತು. ಹಾಗಾಗಿ ದೊಂಬ್ರೋವ್ಸ್ಕಿಗಳೆಲ್ಲ ಒಂದೇ ಮನೆತನದವರಲ್ಲ. ಅವರಲ್ಲಿ ಹೆಸರಾದವರು ಜನರಲ್ ಯಾನ್ ಹೆನ್ರಿಕ್ ದೊಂಬ್ರೋವ್ಸ್ಕಿ. 1797ರಲ್ಲಿ ಇಟಲಿಯಲ್ಲಿ ಪೋಲಿಷ್ ಪಡೆ ಕಟ್ಟಿದವರು. ಆ ಪಡೆಗಾಗಿ ಬರೆದ ಹಾಡೇ ಇವತ್ತು ಪೋಲೆಂಡಿನ ರಾಷ್ಟ್ರಗೀತೆ, ಅದರ ಪಲ್ಲವಿಯಲ್ಲೇ ಇವರ ಹೆಸರಿದೆ. ಒಂದು ತೋಪಿನ ಹೆಸರನ್ನು ಇಡೀ ದೇಶ ಎದ್ದು ನಿಂತು ಹಾಡುತ್ತದೆ ಅಂದ್ರೆ ತಮಾಷೆ ಅಲ್ವಾ?

ಗಡಿ ದಾಟಿದರೆ ಸ್ವರ ಬದಲಾಗುತ್ತದೆ. ಪೋಲಿಷ್‌ನಲ್ಲಿ ಈ ಹೆಸರು ಬರೆಯುವಾಗ ‘ಎ’ ಅಕ್ಷರದ ಕೆಳಗೆ ಪುಟ್ಟ ಬಾಲ ಎಳೆಯುತ್ತಾರೆ. ‘ಬ’ದ ಮುಂದೆ ಆ ಬಾಲವೇ ‘ಒಂ’ ಎಂದು ಮೂಗಿನಲ್ಲಿ ಗುನುಗುವುದು. ಪೋಲಿಷ್, ಕ್ರೊವೇಷಿಯನ್ ಎರಡಕ್ಕೂ ಮೂಲವಾದ ಹಳೆಯ ಸ್ಲಾವ್ ಮಾತಿನ ಆ ಗುನುಗನ್ನು ಪೋಲಿಷ್ ಉಳಿಸಿಕೊಂಡಿತು. ಕ್ರೊವೇಷಿಯನ್ನರಲ್ಲಿ ಅದು ಸವೆದು ‘ಉ’ ಆಯಿತು: ದುಬ್ರಾವಾ. ಅವರ ರಾಜಧಾನಿ ಜಾಗ್ರೆಬ್‌ನ ಪೂರ್ವದಲ್ಲಿ ಈ ಹೆಸರಿನ ದೊಡ್ಡ ಬಡಾವಣೆಯೇ ಇದೆ. ಅಲ್ಲಿ ಹೆಣ್ಣುಮಕ್ಕಳಿಗೆ ದುಬ್ರಾವ್ಕಾ ಅಂತಲೂ ಇಡುತ್ತಾರೆ. ಪ್ರವಾಸಿಗರು ಮುಗಿಬೀಳುವ ದುಬ್ರೋವ್ನಿಕ್ ಕೂಡ ಇದೇ ಬೇರಿನದು. ಇಟಲಿಯವರು ಆ ಪಟ್ಟಣವನ್ನು ರಗೂಸಾ ಅನ್ನುತ್ತಿದ್ದರು. ಸ್ಲಾವ್ ಜನ ಮಾತ್ರ ಓಕ್ ಕಾಡನ್ನು ಬಿಡಲಿಲ್ಲ.

ಇನ್ನು ಮಾಲೀಕರ ಹೆಂಡತಿಯ ಹೆಸರು. ಅದು ಬರವಣಿಗೆಯ ತಪ್ಪಲ್ಲ, ಬೇರೆ ಮನೆತನವೂ ಅಲ್ಲ. ಗಂಡಸರಿಗೆ ‘ಸ್ಕಿ’, ಹೆಂಗಸರಿಗೆ ‘ಸ್ಕಾ’. ಬಾಡಿಗೆ ಕರಾರಿನಲ್ಲಿ ಇಬ್ಬರೂ ಸಹಿ ಹಾಕಿದ್ದರೆ ಸುಮ್ನೆ ತಿದ್ದಲು ಹೋಗಬೇಡ ಅಂತ ಮಗನಿಗೆ ಹೇಳಿ.

- ಸಂ.