ಕಾನೂನು ಪ್ರಶ್ನೋತ್ತರ: ಚೀಲದೊಳಗಿನ ತೋಟೆ, ಅಟ್ಟದ ಮೇಲಿನ ಕೋವಿ

ಪ್ರಶ್ನೆ: ಪ್ರಯಾಣಕ್ಕೆಂದು ನಮ್ಮ ಮಾವನವರ ಹಳೆಯ ಚೀಲವನ್ನು ಒಯ್ದಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದರ ಒಳಜೇಬಿನಿಂದ ಬಳಸದ ಒಂದು ತೋಟೆ ಸಿಕ್ಕಿತು. ಅವರ ಕೋವಿಗೆ ಪರವಾನಗಿ ಇದೆ, ನನಗೆ ಇಲ್ಲ. ಪೊಲೀಸರು ಎಫ್‌ಐಆರ್ ದಾಖಲಿಸಿದ್ದಾರೆ. ನನಗೆ ದುರುದ್ದೇಶವಿರಲಿಲ್ಲ ಎಂದು ವಾದಿಸಿದರೆ ಸಾಕೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಸಾಲದು. ದುರುದ್ದೇಶವಿರಲಿಲ್ಲ ಎಂಬುದು ಒಂದು ವಾದ, ತೋಟೆ ಇರುವುದೇ ಗೊತ್ತಿರಲಿಲ್ಲ ಎಂಬುದು ಇನ್ನೊಂದು. ನಿಮ್ಮನ್ನು ಕಾಯುವುದು ಎರಡನೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳಬಾರದು ಎನ್ನುತ್ತದೆಯೇ ಹೊರತು, ಯಾವ ಉದ್ದೇಶಕ್ಕೆ ಇಟ್ಟುಕೊಂಡಿರಿ ಎಂದು ಕೇಳುವುದಿಲ್ಲ. ಕಾಡುಹಂದಿ ಓಡಿಸಲು ಇಟ್ಟುಕೊಂಡೆ ಎಂದರೂ, ಅಜ್ಜನ ನೆನಪಿಗೆ ಇಟ್ಟುಕೊಂಡೆ ಎಂದರೂ ಅಪರಾಧವೇ. 2019ರ ತಿದ್ದುಪಡಿಯ ನಂತರ, ಪರವಾನಗಿಯಿಲ್ಲದ ಸಾಮಾನ್ಯ ಬಂದೂಕು ಅಥವಾ ಮದ್ದುಗುಂಡು ಹೊಂದಿದ್ದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ಮತ್ತು ದಂಡವಿದೆ.

ಆದರೆ 'ಇಟ್ಟುಕೊಳ್ಳುವುದು' ಎಂಬ ಮಾತಿನಲ್ಲೇ ಅರಿವು ಅಡಗಿದೆ. ಗುಣವಂತ್‌ಲಾಲ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಎಂಬ 1972ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಯುಧ ತನ್ನ ಸ್ವಾಧೀನದಲ್ಲಿದೆ ಎಂಬ ತಿಳಿವಳಿಕೆ ಆರೋಪಿಗೆ ಇರಬೇಕು, ಅದು ಅವನ ಕೈಯಲ್ಲೇ ಇರದಿದ್ದರೂ ಅದರ ಮೇಲೆ ಹಿಡಿತವಿರಬೇಕು ಎಂದು ಹೇಳಿತು. 1994ರಲ್ಲಿ ಸಂಜಯ್ ದತ್ ಪ್ರಕರಣದ ಸಂವಿಧಾನ ಪೀಠವು ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾದಂತಹ ಕಠಿಣ ಕಾಯ್ದೆಯಲ್ಲೂ ಸ್ವಾಧೀನವೆಂದರೆ ಅರಿವಿನಿಂದ ಕೂಡಿದ ಸ್ವಾಧೀನವೇ ಎಂದು ವ್ಯಾಖ್ಯಾನಿಸಿತು. ಪ್ರಯಾಣಿಕರ ಚೀಲದಲ್ಲಿ ಒಂಟಿ ತೋಟೆ ಸಿಕ್ಕ ಹಲವು ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ಇದೇ ತತ್ತ್ವದ ಮೇಲೆ ರದ್ದುಗೊಳಿಸಿದೆ.

ಮನಸ್ಸಿನಲ್ಲಿದ್ದ ಅರಿವನ್ನು ನ್ಯಾಯಾಲಯ ಹೊರಗಿನ ಸಂಗತಿಗಳಿಂದಲೇ ಅಳೆಯಬೇಕಾಗುತ್ತದೆ. ಆದ್ದರಿಂದ ಚೀಲ ಮಾವನವರದೆಂಬುದಕ್ಕೆ ಸಾಕ್ಷ್ಯ, ಅವರ ಪರವಾನಗಿಯ ಪ್ರತಿ, ತೋಟೆ ಆ ಕೋವಿಗೆ ಹೊಂದುವಂಥದೇ ಎಂಬ ವಿವರ, ನಿಮ್ಮ ಬಳಿ ಬಂದೂಕು ಸಿಗಲಿಲ್ಲ ಎಂಬ ಅಂಶ ಇವನ್ನೆಲ್ಲ ವಕೀಲರ ಮೂಲಕ ತನಿಖಾಧಿಕಾರಿಗೆ ಈಗಲೇ ಲಿಖಿತವಾಗಿ ಕೊಡಿ. ಮೊದಲ ದಿನವೇ 'ಗೊತ್ತಿತ್ತು, ಮರೆತೆ' ಎಂದು ಹೇಳಿಕೆ ಕೊಟ್ಟಿದ್ದರೆ ವಾದ ತುಸು ಕಷ್ಟವಾಗುತ್ತದೆ, ಏಕೆಂದರೆ ಮರೆವು ಅಜ್ಞಾನವಲ್ಲ. 3ನೇ ಸೆಕ್ಷನ್ನಿನ ಅಪರಾಧಕ್ಕೆ ಮೊಕದ್ದಮೆ ಹೂಡಲು 39ನೇ ಸೆಕ್ಷನ್ ಪ್ರಕಾರ ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕು. ಅದು ಇದೆಯೇ ಎಂದು ನಿಮ್ಮ ವಕೀಲರು ತಪ್ಪದೆ ನೋಡಲಿ. ಎಫ್‌ಐಆರ್ ರದ್ದತಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಸೆಕ್ಷನ್ ಅಡಿ ಹೈಕೋರ್ಟಿಗೆ ಹೋಗಬಹುದು.

ಪ್ರಶ್ನೆ: ತೀರಿಕೊಂಡ ತಂದೆಯವರ ಕೋವಿ ನಮ್ಮ ಮನೆಯ ಅಟ್ಟದಲ್ಲಿದೆ. ಅದರ ಪರವಾನಗಿಯ ಅವಧಿ ಮುಗಿದು ವರ್ಷಗಳಾಗಿವೆ. ನಾವು ಮೂವರು ಅಣ್ಣತಮ್ಮಂದಿರು ಒಟ್ಟಿಗೇ ಇದ್ದೇವೆ. ಹೊಣೆ ಯಾರದು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೂವರದೂ ಆಗಬಹುದು. ಹಲವರು ಕೂಡಿ ವಾಸಿಸುವ ಮನೆಯಲ್ಲಿ ಆಯುಧ ಸಿಕ್ಕಾಗ, ಅದು ಅಲ್ಲಿರುವುದು ಗೊತ್ತಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರನ್ನೂ ಹೊಣೆಯಾಗಿಸುವ 35ನೇ ಸೆಕ್ಷನ್, ಹಾಗಲ್ಲವೆಂದು ತೋರಿಸುವ ಭಾರವನ್ನೂ ಅವರ ಮೇಲೆಯೇ ಹಾಕುತ್ತದೆ. ನೀವಂತೂ ಪತ್ರ ಬರೆದೇ ಕೇಳಿದ್ದೀರಿ, ಆದ್ದರಿಂದ ಅರಿವಿಲ್ಲ ಎನ್ನುವ ದಾರಿ ನಿಮಗಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಣೆಗೊಂಡ ಪರವಾನಗಿ ವಿನಾಯಿತಿಯನ್ನು ಮಲೆನಾಡಿನ ಕೆಲವರು ತಮಗೂ ಅನ್ವಯಿಸಿಕೊಳ್ಳುತ್ತಾರೆ, ಅದು ತಪ್ಪು. ಪರವಾನಗಿ ಮುಗಿದ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ. ಮೊದಲು ವಕೀಲರೊಬ್ಬರನ್ನು ಕಂಡು, ತಂದೆಯವರ ಮರಣ ಪ್ರಮಾಣಪತ್ರ ಮತ್ತು ಹಳೆಯ ಪರವಾನಗಿ ಪುಸ್ತಕದೊಡನೆ ಕೋವಿಯನ್ನು ಒಪ್ಪಿಸಿ ರಸೀದಿ ಪಡೆಯಿರಿ. ಇಟ್ಟುಕೊಳ್ಳುವ ಆಸೆಯಿದ್ದರೆ ಮೂವರಲ್ಲೊಬ್ಬರು ಹೊಸ ಪರವಾನಗಿಗೆ ಅರ್ಜಿ ಹಾಕಬಹುದು.