ಪ್ರಶ್ನೋತ್ತರ: ಸಂಶೋಧನಾ ಪೋಸ್ಟರಿನಲ್ಲಿ ಏನು ಇಡಬೇಕು, ಏನು ಬಿಡಬೇಕು?

ಪ್ರಶ್ನೆ: ನಾನು ಎಂ.ಎಸ್ಸಿ. ಅಂತಿಮ ವರ್ಷದಲ್ಲಿದ್ದು, ಇಂಡಿ ತಾಲ್ಲೂಕಿನ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನ ಫ್ಲೋರೈಡ್ ಪ್ರಮಾಣವನ್ನು ಮಳೆಗಾಲಕ್ಕೆ ಮೊದಲು ಮತ್ತು ಅನಂತರ ಅಳೆದಿದ್ದೇನೆ. ಬೆಳಗಾವಿಯ ವಿಚಾರ ಸಂಕಿರಣವೊಂದರಲ್ಲಿ ಇದನ್ನು ಎ0 ಅಳತೆಯ ಪೋಸ್ಟರಾಗಿ ಕನ್ನಡದಲ್ಲಿ ಮಂಡಿಸಬೇಕಿದೆ. ಪ್ರಬಂಧದ ಎಲ್ಲ ಅಧ್ಯಾಯಗಳನ್ನೂ ಸೇರಿಸಿದರೆ ಅಕ್ಷರ ತೀರಾ ಸಣ್ಣದಾಗುತ್ತದೆ. ಮೇಲಾಗಿ ಮುದ್ರಣದ ಅಂಗಡಿಯಲ್ಲಿ ಕಡತ ತೆರೆದಾಗ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ಏನು ಮಾಡಲಿ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಜಾಗ ಸಾಲುತ್ತಿಲ್ಲವೆಂದರೆ ವಿಷಯ ಹೆಚ್ಚಾಗಿದೆ ಎಂದೇ ಅರ್ಥ. ಎ0 ಹಾಳೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರವಿದ್ದು, ಅದರ ವಿಸ್ತೀರ್ಣ ಸುಮಾರು ಒಂದು ಚದರ ಮೀಟರ್. ಅಷ್ಟು ದೊಡ್ಡ ಹಾಳೆಯನ್ನು ನೋಡುವವರು ನಿಂತುಕೊಂಡೇ, ಕೈಯಲ್ಲಿ ಚಹಾ ಲೋಟ ಹಿಡಿದು, ಅಕ್ಕಪಕ್ಕದ ಪೋಸ್ಟರುಗಳತ್ತಲೂ ಕಣ್ಣು ಹಾಯಿಸುತ್ತಿರುತ್ತಾರೆ. ಅಂಥವರಿಗೆ ಅಧ್ಯಾಯಗಳು ಬೇಡ, ನಿಮಗೆ ಸಿಕ್ಕ ಒಂದು ಫಲಿತಾಂಶ ಬೇಕು. ಆದ್ದರಿಂದ ‘ಕೊಳವೆಬಾವಿ ನೀರಿನ ಫ್ಲೋರೈಡ್ ಪ್ರಮಾಣ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯನ್ನು ಕೈಬಿಟ್ಟು, ನಿಮ್ಮ ಅಂಕಿಗಳು ಹಾಗೆ ಹೇಳುತ್ತಿದ್ದರೆ, ‘ಮಳೆಗಾಲ ಕಳೆದರೂ ಫ್ಲೋರೈಡ್ ಕುಡಿಯುವ ನೀರಿನ ಮಿತಿಗಿಂತ ಕೆಳಗಿಳಿಯಲಿಲ್ಲ’ ಎಂದು ಪೂರ್ಣ ವಾಕ್ಯವನ್ನೇ ಶೀರ್ಷಿಕೆಯಾಗಿಸಿ. 2019ರಲ್ಲಿ ಅಮೆರಿಕದ ಸಂಶೋಧಕ ಮೈಕ್ ಮಾರಿಸನ್ ಸೂಚಿಸಿದ ವಿನ್ಯಾಸವೂ ಮುಖ್ಯ ಫಲಿತಾಂಶವನ್ನು ನಡುವೆ ದಪ್ಪಕ್ಷರದಲ್ಲಿಟ್ಟು, ವಿವರಗಳನ್ನು ಬದಿಗೆ ಸರಿಸುತ್ತದೆ. ಬದಿಯ ಅಂಕಣಗಳನ್ನು ಅವರಷ್ಟು ಕಿರಿದಾಗಿಸಬೇಕಿಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಪರೀಕ್ಷಕರು ವಿಧಾನವನ್ನು ಕೇಳದೆ ಬಿಡುವವರಲ್ಲ.

ಪೀಠಿಕೆಗೆ ಎರಡು ಮೂರು ವಾಕ್ಯ ಸಾಕು. ಫ್ಲೋರೈಡ್ ಎಂದರೇನು ಎಂಬ ವಿವರಣೆಯ ಜಾಗದಲ್ಲಿ ಮಾದರಿ ಸಂಗ್ರಹಿಸಿದ ಹಳ್ಳಿಗಳ ನಕ್ಷೆ ಇರಲಿ. ಪ್ರಬಂಧದ ಉದ್ದನೆಯ ಕೋಷ್ಟಕವನ್ನೂ ಇಲ್ಲಿಗೆ ತರಬೇಡಿ. ಪ್ರತಿ ಹಳ್ಳಿಗೆ ಮಳೆಗಾಲದ ಮೊದಲಿನದೊಂದು, ಅನಂತರದ್ದೊಂದು ಎಂದು ಎರಡು ಕಂಬಗಳ ಆಲೇಖ (ಬಾರ್ ಗ್ರಾಫ್) ಬರೆದು, ಭಾರತೀಯ ಮಾನಕ ಬ್ಯೂರೊದ ಮಿತಿಯಾದ ಲೀಟರಿಗೆ 1 ಮಿ.ಗ್ರಾಂ. ಮತ್ತು ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ 1.5 ಮಿ.ಗ್ರಾಂ.ಗಳನ್ನು ಅಡ್ಡಗೆರೆಗಳಾಗಿ ಎಳೆದರೆ, ಯಾವ ಊರಿನ ಕಂಬ ಗೆರೆ ದಾಟಿದೆ ಎಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಆ ಕಂಬಗಳಿಗೆ ಕೆಂಪು–ಹಸಿರು ಜೋಡಿ ಬೇಡ, ಅವೆರಡನ್ನು ಬೇರ್ಪಡಿಸಿ ಗುರುತಿಸಲು ಕಷ್ಟಪಡುವವರು, ಅದರಲ್ಲೂ ಪುರುಷರು, ನೂರಕ್ಕೆ ಕೆಲವರಾದರೂ ಇರುತ್ತಾರೆ. ನೀಲಿ ಮತ್ತು ಕಿತ್ತಳೆ ಬಳಸಿ.

ಅಕ್ಷರದ ಗಾತ್ರ ಶೀರ್ಷಿಕೆಗೆ 85 ಪಾಯಿಂಟ್‌ಗಿಂತ ಮೇಲೆ, ಒಳಪಠ್ಯಕ್ಕೆ 28ರಿಂದ 32ರ ಆಸುಪಾಸಿನಲ್ಲಿರಲಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ತುಸು ಹೆಚ್ಚಾಗಿಯೇ ಬೇಕು. ಪರೀಕ್ಷಿಸಲು ಇಡೀ ಪೋಸ್ಟರನ್ನು ಒಂದು ಎ4 ಹಾಳೆಯಲ್ಲಿ ಮುದ್ರಿಸಿ ನೋಡಿ: ಉದ್ದ ಅಗಲಗಳೆರಡೂ ಸರಿಯಾಗಿ ನಾಲ್ಕನೇ ಒಂದಕ್ಕೆ ಇಳಿಯುತ್ತವೆ, 28 ಪಾಯಿಂಟ್ ಅಕ್ಷರ 7 ಆಗುತ್ತದೆ. ಅದನ್ನು ಕಣ್ಣು ಕಿರಿದಾಗಿಸದೆ ಓದಲಾಗದಿದ್ದರೆ ಇನ್ನಷ್ಟು ಮಾತು ಕಡಿತಗೊಳಿಸಿ.

ಇನ್ನು ಅಕ್ಷರ ಒಡೆಯುವ ವಿಚಾರ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಯುನಿಕೋಡ್‌ನಲ್ಲಿ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರಸಂಕೇತದಲ್ಲಿ) ಮಾಡಿದ್ದರಲ್ಲಿ ಹಳೆಯ ಆವೃತ್ತಿಯ ವಿನ್ಯಾಸ ತಂತ್ರಾಂಶಗಳಲ್ಲಿ ‘ಕ್ಷ’, ‘ಷ್ಟ’ಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನೀವು ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಪವರ್‌ಪಾಯಿಂಟಿನಲ್ಲಿ ಸ್ಲೈಡಿನ ಅಳತೆಯನ್ನು ಮೊದಲೇ 84.1 × 118.9 ಸೆಂ.ಮೀ.ಗೆ ಹೊಂದಿಸಿ, ಫಾಂಟ್ ಅಡಕಗೊಳಿಸಿದ ಪಿಡಿಎಫ್ ಕೊಡಿ. ಅಂಗಡಿಯವರು ಅದನ್ನು ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ತೆರೆಯುವುದಾದರೆ ಪಠ್ಯವನ್ನು ಪಠ್ಯವಾಗಿ ತೆಗೆದುಕೊಳ್ಳದೆ ಕರ್ವ್ಸ್ (ಅಕ್ಷರದ ಆಕಾರದ ಗೆರೆಗಳು) ಆಗಿ ತೆಗೆದುಕೊಳ್ಳುವಂತೆ ಹೇಳಿ, ನಿಮ್ಮೆದುರಿಗೇ ಪರದೆಯ ಮೇಲೆ ಒಮ್ಮೆ ಓದಿ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸದಿದ್ದರೆ ಅವು ಕುಗ್ಗಿ ಮಸುಕಾಗುತ್ತವೆ.

ಪ್ರಶ್ನೆ: ಪೋಸ್ಟರಿನ ಪಕ್ಕ ನಿಂತು ಎಲ್ಲವನ್ನೂ ಓದಿ ಹೇಳಬೇಕೇ? ಫ್ಲೆಕ್ಸ್ ಒಳ್ಳೆಯದೋ, ಬಟ್ಟೆಯೋ?
– ಸಂಶೋಧನಾ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಓದಬೇಡಿ, ಓದಲು ಅವರಿಗೂ ಬರುತ್ತದೆ. ಏನು ಹುಡುಕಿದೆ, ಏನು ಸಿಕ್ಕಿತು, ಅದರಿಂದ ಯಾರಿಗೆ ಏನು ಎಂಬುದನ್ನು ಒಂದೆರಡು ನಿಮಿಷದಲ್ಲಿ, ಆಲೇಖದತ್ತ ಕೈ ತೋರಿಸುತ್ತ ಹೇಳಿ ಸುಮ್ಮನಾದರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಬಸ್ಸಿನಲ್ಲಿ ಪ್ರಯಾಣಿಸುವವರಿಗೆ ಬಟ್ಟೆಯ ಮುದ್ರಣ ಅನುಕೂಲ, ಮಡಚಿ ಚೀಲದಲ್ಲಿಡಬಹುದು. ಫ್ಲೆಕ್ಸ್ ಮಡಚಿದರೆ ಗೆರೆ ಉಳಿಯುತ್ತದೆ; ಅದನ್ನು ಸುತ್ತಿ ಕೊಳವೆಯಲ್ಲೇ ಒಯ್ಯಬೇಕು. ಎರಡು ಬದಿ ಅಂಟುವ ಟೇಪು ಮತ್ತು ಗುಂಡುಪಿನ್ನುಗಳು ಜೊತೆಗಿರಲಿ, ಫಲಕಕ್ಕೆ ಯಾವುದು ಹಿಡಿಯುತ್ತದೆ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿಯುವುದು.