13ರ ಹುಡುಗ, ಪುಣೆಯಲ್ಲಿ ಹುಲಿ, ಲೇಹ್‌ನಲ್ಲಿ ಮಂಕು: ಪ್ರತಿಕ್ರಿಯೆ

ಪುಣೆಯ ಇನ್‌ಲೈನ್ ಹಾಕಿಯಲ್ಲಿ (ಚಕ್ರದ ಸ್ಕೇಟ್ ಮೇಲೆ ಆಡುವ ಹಾಕಿ) ಗೋಲಿನ ಮೇಲೆ ಗೋಲು ಹೊಡೆಯುವ ನಿಮ್ಮ ಮಗ ಲೇಹ್‌ನ ಐಸ್ ಹಾಕಿಯಲ್ಲಿ ಮಂಕಾಗಿದ್ದಕ್ಕೆ ಕಾರಣ ಬಹುಶಃ ಎಡ್ಜ್, ಅಂದರೆ ಬ್ಲೇಡಿನ ಅಂಚಿನ ಹಿಡಿತ; ಪ್ರತಿಭೆಯ ಕೊರತೆಯಲ್ಲ. ಐಸ್‌ನಲ್ಲಿ ಬ್ಲೇಡ್ ಅಡ್ಡ ತಿರುಗಿಸಿ, ಕೆರೆದು ನಿಲ್ಲಬೇಕು; ಅದು ಬಾರದವನು ವೇಗಕ್ಕೇ ಹೆದರುತ್ತಾನೆ.

ಮೊದಲು ಸ್ಕೇಟ್ ನೋಡಿ. ಬಾಡಿಗೆಯದಾಗಿದ್ದರೆ ಸಾಣೆ ಹೋಗಿರಬಹುದು. ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಅಡ್ಡ ಎಳೆದರೆ ಉಗುರಿನ ಸಣ್ಣ ಪುಡಿ ಏಳಬೇಕು. ಆಮೇಲೆ ಎಡಕ್ಕೂ ಬಲಕ್ಕೂ ತಿರುಗಿ ನಿಲ್ಲಲು ಅವನಿಗೆ ಹೇಳಿ ನೋಡಿ. ಬಹಳ ಮಕ್ಕಳಿಗೆ ಒಂದೇ ಕಡೆ ಬರುತ್ತದೆ.

ಮುಂದೆ ಬೆಳೆಯುತ್ತಾನಾ ಅಂತ ಕೇಳಿದ್ದೀರಿ. ಗೋಲಿನ ಲೆಕ್ಕ ಬದಿಗಿಡಿ. ಈ ವಯಸ್ಸಿನಲ್ಲಿ ಬೇಗ ಉದ್ದವಾದ ಹುಡುಗ ಮೈಬಲದಿಂದಲೇ ಗೆದ್ದುಬಿಡುತ್ತಾನೆ. ಮುಂದಿನ ಪಂದ್ಯದಲ್ಲಿ ಮೊಬೈಲ್ ಕ್ಯಾಮೆರಾವನ್ನು ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಹಿಂದೆ ಓಡಿಸದೆ ಅವನೊಬ್ಬನ ಮೇಲೇ ಹಿಡಿಯಿರಿ. ಪಾಸ್ ಬರುವ ಮುಂಚೆ ಭುಜದಾಚೆ ಕಣ್ಣು ಹಾಯಿಸುತ್ತಾನಾ? ಪಕ್ ಸಿಕ್ಕ ಮೇಲೂ ತಲೆ ಎತ್ತಿರುತ್ತಾನಾ? ಕಳೆದುಕೊಂಡರೆ ರೆಫರಿ ಮುಖ ನೋಡುತ್ತಾನೋ, ತಿರುಗಿ ಬೆನ್ನಟ್ಟುತ್ತಾನೋ? ನಾನಾದರೆ ಕೊನೆಯದಕ್ಕೇ ಹೆಚ್ಚು ಅಂಕ ಕೊಡುತ್ತೇನೆ, ಕೋಚ್‌ಗಳು ಏನೇ ಹೇಳಲಿ.

ವಿಡಿಯೋ ನೋಡದೆ ಖಚಿತವಾಗಿ ಹೇಳಲಾರೆ. ಒಂದು ಪೂರ್ತಿ ಪಂದ್ಯದ್ದು ಹಾಕಿ, ಗೋಲುಗಳ ತುಣುಕು ಬೇಡ.